ಚಿಂಚೋಳಿ ಮಸಾರಿ ತಗೋಬೇಕಾ, ಶಹಾಪುರ ಎರಿ ತಗೋಬೇಕಾ?

ಹೊಸ ಹೊಲ್ದಾಂವ:
ಅಣ್ಣಾರ ನಮಸ್ಕಾರ್ರಿ. ಕಲಬುರಗಿದಾಂವ ನಾ, 4 ಎಕರೆ ತಗೋಬೇಕಂತ ತಿರಗ್ಲಿಕತ್ತೀನಿ. ಚಿಂಚೋಳಿ ಕಡಿ ಕೆಂಪು ಮಸಾರಿ ಮಣ್ಣಿನ ಹೊಲ ಒಂದ್ ನೋಡೀನಿ, ಶಹಾಪುರ ಹಂತೇಕ ಕಾಲುವಿ ದಂಡಿಗೆ ಕರಿ ಎರಿ ಮಣ್ಣಿನ ಹೊಲ ಒಂದ್ ನೋಡೀನಿ. ಶಿವಮೊಗ್ಗದಾಗ ದೋಸ್ತನ ತೋಟ ನೋಡಿ ಬಂದಾಗಿಂದ ಅಡಿಕಿ ಹಚ್ಚಬೇಕಂತ ಮನಸಾಗ್ಯದ, ನೀರಂತೂ ಕಾಲುವಿದು ಅದಲ್ಲ ಅಂತ. ಏನಂತೀರಿ?

ಕೃಷ್ಣಾ ದಂಡಿ:
ಕಾಲುವಿ ಅಂದ ಕೂಡ್ಲೆ ಅಡ್ವಾನ್ಸ್ ಕೊಟ್ಟುಬಿಡ್ಬ್ಯಾಡ್ರಿ. ನಾರಾಯಣಪುರ ಎಡದಂಡಿ ಕಾಲುವಿ ನೀರು ಟೇಲ್‌ಎಂಡಿಗೆ, ಅಂದ್ರ ಕಾಲುವಿ ಕೊನಿಗೆ, ಬರೋದು ದೇವರಿಗೇ ಗೊತ್ತು, ನಂದೂ ಅಲ್ಲೇ ಅದ, ಪ್ರತಿ ವರ್ಷ ಭತ್ತ ಹೊಡಿ ಕಟ್ಟೋ ಹೊತ್ತಿಗೆ ಜಗಳ. ಮ್ಯಾಲಿನವ್ರು ನೀರು ನಿಲ್ಲಿಸಿ ನಿಲ್ಲಿಸಿ ಎರಿ ಸವುಳಾಗ್ಯದ, ಬ್ಯಾಸಗ್ಯಾಗ ಹೋಗಿ ನೋಡ್ರಿ, ನೆಲದ ಮ್ಯಾಲೆ ಬೆಳ್ಳಗ ಉಪ್ಪು ಕೂತಿದ್ರ ಕೈ ಮುಗಿದು ವಾಪಸ್ ಬರ್ರಿ.

ಮಲ್ನಾಡ್ ಮಾಣಿ:
ನಾನು ತೀರ್ಥಹಳ್ಳಿ ಕಡೆಯವ್ನು, ಸೇಡಂನಲ್ಲಿ ಕೆಲ್ಸ. ಅಡಿಕೆ ಆಸೆ ಬಿಡಿ ಮಾರಾಯ್ರೆ. ನಿಮ್ಮಲ್ಲಿ ಬೀಳೋದು ನಮ್ಮ ಮಳೆಯ ಕಾಲು ಭಾಗ ಅಷ್ಟೇ. ನಮ್ಮಲ್ಲೇ ನೈಋತ್ಯದ ಬಿಸಿಲು ತಾಗಿ ಕಾಂಡ ಸುಟ್ಟು ಸೀಳತ್ತೆ ಅಂತ ಸೋಗೆ ಕಟ್ತೀವಿ, ಸುಣ್ಣ ಬಳಿತೀವಿ. ಇಲ್ಲಿ ಮೇ ತಿಂಗ್ಳಲ್ಲಿ 43 ಡಿಗ್ರಿ, ಮೇಲಿಂದ ಆ ಒಣ ಗಾಳಿ, ಗಿಡಕ್ಕೆ ಯಾರು ಸೋಗೆ ಹೊದಿಸ್ತಾರೆ?

ಹುಮನಾಬಾದ್ ತೊಗರಿ:
ಖರೇ ಹೇಳ್ಯಾರ. ನನ್ನ ಕೇಳಿದ್ರ ಚಿಂಚೋಳಿದೇ ತಗೋರಿ, ಆದ್ರ ಮೊದ್ಲು 3 ಫೂಟ್ ಗುಂಡಿ ತೋಡಸ್ರಿ. ಒಂದ್ ಫೂಟಿಗೇ ಗರಸು, ಅಂದ್ರ ಕಲ್ಲು ಕಲ್ಲು ಗಟ್ಟಿ ಮಣ್ಣು, ಹತ್ತಿದ್ರ ಸೀತಾಫಲ ಬಿಟ್ರ ಬ್ಯಾರೆ ವಿಚಾರ ಮಾಡ್ಬ್ಯಾಡ್ರಿ. ಮಣ್ಣು ಆಳ ಇದ್ರ ತೊಗರಿ ನಾಟಿ ಮಾಡ್ರಿ, ಮಳಿಗಿಂತ ಮುಂಚೆನೇ ಪ್ಲಾಸ್ಟಿಕ್ ಚೀಲದಾಗ ಸಸಿ ಮಾಡಿ ಒಂದ್ ತಿಂಗಳದ್ದು ಆದ್ಮ್ಯಾಲೆ 5 ಫೂಟಿಗೊಂದು ಸಾಲು ಹಚ್ಚೋದು, ಆಮ್ಯಾಲೆ ಕುಡಿ ಚಿವಟೋದು, ಟೊಂಗಿ ಹ್ಯಾಂಗ ಒಡೀತಾವ ನೋಡ್ರಿ. ಗಿಡ ಬಾಡಿ ಒಣಗೋ ನೆಟಿ ರೋಗಾನ ಟಿಎಸ್-3ಆರ್ ಅನ್ನೋ ತೊಗರಿ ತಳಿ ತಡೀತದ. ಎರಿಯಾಗ ನೀರು ನಿಂತ್ರ ಮಾತ್ರ ತೊಗರಿ ಎರಡೇ ದಿನಕ್ಕ ಜೋಲು ಬೀಳ್ತದ, ನಾ ಒಮ್ಮಿ 2 ಎಕರೆ ಹಂಗ ಕಳ್ಕೊಂಡೀನಿ, ಬದುವಿಗಿ ನೀರ್ ಹೋಗ್ಲಿಕ್ಕ ದಾರಿನೇ ಬಿಟ್ಟಿರ್ಲಿಲ್ಲ. ಬಾಜೂಕಿನ ಬೋರ್ ಎಷ್ಟ್ ಇಂಚ್ ಹೊಡೀತದ, ಅದನ್ನ ಮೇ ತಿಂಗಳಾಗ ನೋಡ್ರಿ, ಮಳಿಗಾಲದಾಗ ಎಲ್ಲಾ ಬೋರೂ ಚಲೋನೇ ಇರ್ತಾವ.

ಹೊಸ ಹೊಲ್ದಾಂವ:
ಅಡಿಕಿ ಕ್ಯಾನ್ಸಲ್‌ರಿ 😅 ಐತವಾರ ಸನಕಿ ಗುದ್ಲಿ ತಗೊಂಡ್ ಚಿಂಚೋಳಿಗಿ ಹೊಂಟೀನಿ. ಹೊಲದ ಮಾಲಕ ಗುಂಡಿ ತೋಡ್ಲಿಕ್ಕ ಯಾಕ ಅಂತ ಮುನಸ್ಕೊಂಡಾನ.

ಹುಮನಾಬಾದ್ ತೊಗರಿ:
ಮುನಸ್ಕೊಂಡ್ರ ಗರಸು ಮ್ಯಾಲೇ ಅದ ಅಂತ ತಿಳ್ಕೊರಿ 😂