ವೆಸ್ನಾತ್: ದಾಳಿ ಮಾಡಿದ್ದು ನಾನು, ಸತ್ತಿದ್ದೂ ನನ್ನ ಕುದುರೆಯವನೇ! ಅನುಭವ ಇದ್ದವರು ಹೇಳಿ

ಶಿರಸಿ ಪೇಟೆ: ‘ಬ್ಯಾಟಲ್ ಫಾರ್ ವೆಸ್ನಾತ್’ ಅನ್ನುವ, ಸರದಿಯಂತೆ ಸೈನ್ಯ ನಡೆಸುವ ಕಂಪ್ಯೂಟರ್ ಆಟ ಹೊಸದಾಗಿ ಆಡುತ್ತಿದ್ದೇನೆ. ಹಾರ್ಸ್‌ಮನ್‌ನನ್ನು (ಕುದುರೆ ಸವಾರ) ಸ್ಪಿಯರ್‌ಮನ್ (ಈಟಿ ಹಿಡಿದ ಕಾಲಾಳು) ಮೇಲೆ ಬಿಟ್ಟೆ, ಹಗಲಲ್ಲೇ. ಒಂದೇ ಕಾಳಗದಲ್ಲಿ ಸತ್ತ. ಯಾರ ಏಟು ಮೊದಲು ಬೀಳುತ್ತದೆ?

ಕೋಡಿಬಾಗದವ: ಈ ಸ್ಪಿಯರ್‌ಮನ್ ಹೆಸರು ತೆಗೆಯಬೇಡಿ ಮಾರಾಯರೇ, ಹೊಟ್ಟೆ ಉರಿಯುತ್ತದೆ. ಉಳಿದವರ ಜೊತೆ ದಾಳಿ ಮಾಡಿದವನ ಏಟೇ ಮೊದಲು, ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಇವನಿಗೆ ಫಸ್ಟ್ ಸ್ಟ್ರೈಕ್ ಅನ್ನುವ ಗುಣ ಇದೆ, ಕುದುರೆಯೇ ದಾಳಿ ಮಾಡಿದರೂ ಈಟಿ ಮೊದಲು. ಕುದುರೆಗೆ ದಾಳಿ ಮಾಡುವಾಗ ಚಾರ್ಜ್ ಅನ್ನುವ ಗುಣ ಇದೆ ಅಂತ ನಾನೂ ಖುಷಿಪಟ್ಟಿದ್ದೆ. ಕೊಡುವ ಏಟೂ ಎರಡು ಪಟ್ಟು, ತಿನ್ನುವ ಏಟೂ ಎರಡು ಪಟ್ಟು! ಈಟಿಯ ಒಂದು ಏಟು 7, ಅದರ ಎರಡರಷ್ಟು 14. ಹಗಲಿಗೆ 25% ಜಾಸ್ತಿ. ಕುದುರೆಗೆ ಚುಚ್ಚುವ ಆಯುಧ ಆಗಿಬರುವುದಿಲ್ಲ, ಅದಕ್ಕೆ ಮತ್ತೆ 20%. ಒಟ್ಟು 21. ಎರಡು ತಾಗಿದರೆ 42, ಕುದುರೆಯ ಜೀವ 38. ಬಯಲಲ್ಲಿ ಒಂದೊಂದು ಏಟೂ ತಾಗುವ ಸಾಧ್ಯತೆ 60%. ಅಂದರೆ ನನ್ನ ಎರಡನೇ ಏಟಿಗೆ ಮುಂಚೆಯೇ ಸಾಯುವ ಸಾಧ್ಯತೆ 36%. 23 ಚಿನ್ನದ ಕುದುರೆ 14 ಚಿನ್ನದ ಕಾಲಾಳಿನ ಕೈಯಲ್ಲಿ ಹೋಯಿತು. ನೈಟ್ (ಮೇಲಿನ ದರ್ಜೆಯ ಸವಾರ) ಆಗುವುದಕ್ಕೆ ಒಂದು ಬಲಿ ಬಾಕಿ ಇತ್ತು, ಗೊತ್ತಾ?

ತೋಟದ ಭಟ್ಟ, ಯಲ್ಲಾಪುರ: ಕುದುರೆ ತೆಗೆದುಕೊಂಡಿದ್ದು ಯಾಕೆ? ನಾನು 16 ಚಿನ್ನಕ್ಕೆ ಡಾರ್ಕ್ ಅಡೆಪ್ಟ್ (ದೂರದಿಂದ ಮಂತ್ರ ಹಾಕುವವ) ತೆಗೆದುಕೊಳ್ಳುತ್ತೇನೆ. ಪರ್ವತದ ಮೇಲೆ ಕೂತ ಕುಳ್ಳನಿಗೆ (ಡ್ವಾರ್ಫ್ ಫೈಟರ್) ಉಳಿದವರ ಏಟು 30% ತಾಗಿದರೆ ಹೆಚ್ಚು. ಮಂತ್ರಕ್ಕೆ ಎಲ್ಲಿ ಕೂತರೂ 70%. ಅವನ ಹತ್ತಿರ ಇರುವುದು ಕೊಡಲಿ, ಸುತ್ತಿಗೆ. ದೂರದಿಂದ ಹೊಡೆದರೆ ತಿರುಗಿ ಹೊಡೆಯುವ ಹಾಗೇ ಇಲ್ಲ.

ಕೋಡಿಬಾಗದವ: ಅವನ ಸರದಿ ಬಂದಾಗ? ನಿಮ್ಮ ಅಡೆಪ್ಟ್ ಕೈಯಲ್ಲಿ ಒಂದು ಚೂರಿಯೂ ಇಲ್ಲ. ಸುಮ್ನೆ ನಿಂತು ಸಾಯುತ್ತಾನೆ.

ತೋಟದ ಭಟ್ಟ: ಅವನ ಮುಂದೆ ಅಸ್ಥಿಪಂಜರದ ಸೈನಿಕನನ್ನು ನಿಲ್ಲಿಸಬೇಕು ಸ್ವಾಮಿ. ಅಷ್ಟೂ ಗೊತ್ತಿಲ್ಲದವರು ಬುದ್ಧಿ ಹೇಳುವುದು!

ಶಿರಸಿ ಪೇಟೆ: ನನ್ನ ಹತ್ತಿರ ಇರುವುದೇ ಕುದುರೆ. ರಾತ್ರಿ ಬಿಟ್ಟರೆ ಆಗುತ್ತದಾ?

ಕೋಡಿಬಾಗದವ: ರಾತ್ರಿ ಈಟಿ 13ಕ್ಕೆ ಇಳಿಯುತ್ತದೆ. ಅವನ ಮೂರೂ ಏಟು ತಾಗಿದರೆ 39. ಅದೂ ನನಗೆ ಆಗಿದೆ.

ಶರಾವತಿ ದಂಡೆ: ಇಷ್ಟೆಲ್ಲ ಲೆಕ್ಕ ಯಾಕೆ? ಸತ್ತರೆ ಹಿಂದಿನ ಸೇವ್ ಲೋಡ್ ಮಾಡಿ. ನಾನು ಹಾಗೇ ಆಡುವುದು, ಒಬ್ಬನೂ ಸತ್ತಿಲ್ಲ.

ತೋಟದ ಭಟ್ಟ: ಅದು ಆಟವಾ? ಇಸ್ಪೀಟಿನಲ್ಲೂ ಎಲೆ ವಾಪಸ್ ಕೇಳುತ್ತೀರಾ?

ಶರಾವತಿ ದಂಡೆ: ಹೊನ್ನಾವರದ ಮಳೆಗಾಲದಲ್ಲಿ ಆಡಿ ನೋಡಿ ಭಟ್ಟರೇ. ಕಾಳಗದ ಮಧ್ಯೆ ಕರೆಂಟ್ ಹೋದರೆ ಲೋಡ್ ಮಾಡದೆ ಏನು ಮಾಡುವುದು?

ಕೋಡಿಬಾಗದವ: ಸರದಿಗೊಂದು ಸೇವ್ ತಾನಾಗಿ ಆಗುತ್ತದೆ. ಕರೆಂಟ್ ಹೆಸರು ಹೇಳಿ ಮೋಸ ಮಾಡಬೇಡಿ. ಕರೆಂಟ್ ಹೋಗುವುದು ನಿಮ್ಮಲ್ಲಿ ಮಾತ್ರವಾ?

ತೋಟದ ಭಟ್ಟ: ಕರಾವಳಿಯವರು ಕರೆಂಟಿನ ಬಗ್ಗೆ ಅಳುವುದು ನೋಡಿದರೆ ನಗು ಬರುತ್ತದೆ. ಇಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕಡಿಯುವುದಕ್ಕೂ ನಾವೇ ಹೋಗಬೇಕು. ಇನ್ವರ್ಟರ್ ಬ್ಯಾಟರಿಗೆ ಸುರಿದ ದುಡ್ಡಲ್ಲಿ ಹೊಸ ಲ್ಯಾಪ್‌ಟಾಪ್ ಬರುತ್ತಿತ್ತು.

ಶರಾವತಿ ದಂಡೆ: ಅಡಿಕೆ ರೇಟು ಏರಿದಾಗ ಈ ಲೆಕ್ಕ ಹೇಳುವುದಿಲ್ಲ ಅಲ್ವಾ?

ತೋಟದ ಭಟ್ಟ: ಕೊಳೆರೋಗಕ್ಕೆ ಔಷಧಿ ಹೊಡೆಸಿದ ಕೂಲಿ ನೀವು ಕೊಡುತ್ತೀರಾ?