ರೂಟರ್‌ಗೆ ಬ್ಯಾಟರಿ ಪ್ಯಾಕ್: ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬೋರ್ಡ್) ಬೇಕಾ, ಬೇಡ್ವಾ?

ಪ್ರಶ್ನೆ, ವಿಜಯನಗರದಿಂದ:
ಕರೆಂಟ್ ಹೋದಾಗಲೂ ವೈಫೈ ನಡೆಯಲಿ ಅಂತ ಮನೆಯಲ್ಲೇ ಒಂದು ಪ್ಯಾಕ್ ಮಾಡುತ್ತಿದ್ದೇನೆ. ಆರು 18650 ಸೆಲ್ (ಉರುಟು ಲಿಥಿಯಂ ಅಯಾನ್ ಸೆಲ್), ಮೂರು ಸೀರೀಸ್, ಎರಡು ಪ್ಯಾರಲಲ್. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ "12.6 ವೋಲ್ಟ್ ಚಾರ್ಜರ್ ಇದ್ದರೆ ಸಾಕು ಮೇಡಂ, ಬಿಎಂಎಸ್ ಎಲ್ಲ ಸುಮ್ನೆ ಖರ್ಚು" ಅಂದರು. ಮಾಡಿ ನೋಡಿದವರು ಹೇಳಿ.

ಪೀಣ್ಯದಿಂದ:
ಪ್ಯಾಕ್ ಕಟ್ಟುವುದೇ ನನ್ನ ಕೆಲಸ. ಬಿಎಂಎಸ್ ಹಾಕಿ ಮೇಡಂ, ಅದರಲ್ಲಿ ಎರಡು ಮಾತಿಲ್ಲ. ಚಾರ್ಜರ್‌ಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ಒಂದು ಸೆಲ್ 4.0, ಇನ್ನೊಂದು 4.2, ಮತ್ತೊಂದು 4.4 ಇದ್ದರೂ ಒಟ್ಟು 12.6ರೇ ಅಲ್ವಾ? ಆ 4.4ರಲ್ಲಿ ಕೂತಿರುವ ಸೆಲ್ ಬಿಸಿಯಾಗುತ್ತಿದ್ದರೂ ಚಾರ್ಜರ್‌ಗೆ ಗೊತ್ತೇ ಆಗುವುದಿಲ್ಲ. ಬಿಎಂಎಸ್ ಸೀರೀಸಿನ ಒಂದೊಂದು ಮೆಟ್ಟಿಲನ್ನೂ ಬೇರೆಬೇರೆಯಾಗಿ ನೋಡುತ್ತದೆ. ಯಾವುದಾದರೂ ಒಂದು 4.25, 4.3ರ ಹತ್ತಿರ ಹೋದರೆ ಚಾರ್ಜ್ ಕಟ್. ಕೆಳಗೆ 2.5ರ ಆಸುಪಾಸಿಗೆ ಇಳಿದರೆ ಲೋಡ್ ಕಟ್. ಅದಕ್ಕಿಂತ ತುಂಬಾ ಇಳಿದರೆ ಸೆಲ್ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೆ ಅದೇ ತಾಮ್ರ ಒಳಗೊಳಗೇ ಶಾರ್ಟ್ ಮಾಡಬಹುದು.

ಹಾಗಂತ ಬಿಎಂಎಸ್ ಇದೆಯಲ್ಲ ಅಂತ ಮನೆಯಲ್ಲಿ ಬಿದ್ದಿರುವ 15 ವೋಲ್ಟ್ ಅಡಾಪ್ಟರ್ ಚುಚ್ಚಬೇಡಿ. ಲಿಥಿಯಂ ಪ್ಯಾಕಿನ 12.6 ವೋಲ್ಟ್ ಚಾರ್ಜರ್ರೇ ಬೇಕು. ಬಿಎಂಎಸ್ ಕೈ ಹಾಕುವುದು ಬೇರೆಲ್ಲ ಕೈಕೊಟ್ಟಾಗ.

ಜಯನಗರದಿಂದ:
ಮೇಲಿನವರು ಹೇಳಿದ್ದು ಸರಿ. ಬೋರ್ಡ್ ಕೊಳ್ಳುವಾಗ ಎರಡು ವಿಷಯ ನೋಡಿ. ಲಿಥಿಯಂ ಅಯಾನ್ ಬೋರ್ಡೂ ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬೇರೆ ಜಾತಿಯ ಸೆಲ್ಲಿನ ಬೋರ್ಡೂ ನೋಡಲು ಅಣ್ಣ ತಮ್ಮಂದಿರ ಹಾಗೆ. ಆದರೆ ಫಾಸ್ಫೇಟ್‌ನದ್ದು 3.65 ವೋಲ್ಟ್‌ಗೇ ತುಂಬಿತು ಅನ್ನುವ ಲೆಕ್ಕದ್ದು, ನಿಮಗೆ ಆಗುವುದಿಲ್ಲ. ಇನ್ನೊಂದು, "40 ಆಂಪ್ ತಗೊಳ್ಳಿ, ಗಟ್ಟಿ" ಅಂದರೆ ನಂಬಬೇಡಿ. ರೂಟರ್ ಎಳೆಯುವುದೇ ಒಂದು ಆಂಪ್ ಸುಮಾರು. 40 ಆಂಪ್ ದಾಟುವವರೆಗೆ ಆ ಬೋರ್ಡ್ ಸುಮ್ಮನೆ ಕೂತಿರುತ್ತದೆ, ಅಷ್ಟರಲ್ಲಿ ತೆಳು ವೈರ್ ಸುಟ್ಟೇ ಹೋಗಿರುತ್ತದೆ. ಚಿಕ್ಕ ಬೋರ್ಡ್ ತಗೊಂಡು ಜೊತೆಗೆ 3 ಆಂಪ್ ಫ್ಯೂಸ್ ಹಾಕಿ.

ಪ್ರಶ್ನೆ ಕೇಳಿದವರು:
ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ ಇವೆ. ಬ್ಯಾಲೆನ್ಸ್ ಇರುವ, ಅಂದರೆ ಸೆಲ್‌ಗಳ ವೋಲ್ಟೇಜ್ ಸಮ ಮಾಡುವ ಬಿಎಂಎಸ್ ಹಾಕಿದರೆ ಅದೇ ಸರಿ ಮಾಡಿಕೊಳ್ಳುತ್ತದಾ?

ಪೀಣ್ಯದಿಂದ:
ಇಲ್ಲ. ಅಗ್ಗದ ಬೋರ್ಡಿನಲ್ಲಿ ಬ್ಯಾಲೆನ್ಸ್ ಆಗುವುದು ಕೆಲವು ಹತ್ತು ಮಿಲಿಆಂಪ್‌ನಲ್ಲಿ. ಸಣ್ಣಪುಟ್ಟ ವ್ಯತ್ಯಾಸ ನಿಧಾನವಾಗಿ ಸರಿಹೋದೀತು, ಸುಸ್ತಾದ ಸೆಲ್ ಎದ್ದು ಕೂರುವುದಿಲ್ಲ. 2 ವೋಲ್ಟ್‌ಗಿಂತ ಕೆಳಗೆ ಸಿಕ್ಕಿದ್ದನ್ನು ಬಳಸಲೇಬೇಡಿ. ಉಳಿದವನ್ನು ಪೂರ್ತಿ ಚಾರ್ಜ್ ಮಾಡಿ ಒಂದೆರಡು ವಾರ ಇಟ್ಟು ಅಳೆಯಿರಿ, ವೋಲ್ಟೇಜ್ ಇಳಿದವನ್ನು ಪಕ್ಕಕ್ಕಿಡಿ. ಹೊಸದು ಕೊಳ್ಳುವುದಾದರೆ 9900 ಮಿಲಿಆಂಪ್ ಅವರ್ ಅಂತ ಬರೆದಿರುವುದು ಬೇಡ. ಒಳ್ಳೆಯ 18650ರಲ್ಲೇ 3500 ಮಿಲಿಆಂಪ್ ಅವರ್ ಆಸುಪಾಸು ಬಂದರೆ ಜಾಸ್ತಿ.

ಮಲ್ಲೇಶ್ವರದಿಂದ:
ವೈರಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಬ್ಯಾಲೆನ್ಸ್ ವೈರಿನ ಕನೆಕ್ಟರ್ ಬೋರ್ಡಿಗೆ ಚುಚ್ಚುವ ಮುಂಚೆ ಮಲ್ಟಿಮೀಟರಿನ ಕಪ್ಪು ಕಡ್ಡಿ ಬಿ ಮೈನಸ್ (ಪ್ಯಾಕಿನ ಮೈನಸ್ ತುದಿ) ಮೇಲೆ ಇಟ್ಟು ಒಂದೊಂದೇ ಪಿನ್ ಮುಟ್ಟಿ. ಸೆಲ್ ತುಂಬಿದ್ದರೆ 4.2, 8.4, 12.6 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಅದಲುಬದಲಾಗಿದ್ದರೆ ಚುಚ್ಚಿದ ಕೂಡಲೇ ಬೋರ್ಡ್ ಹೊಗೆ. ಎಲ್ಲ ಸರಿ ಇದ್ದೂ ಔಟ್‌ಪುಟ್ ಸೊನ್ನೆ ತೋರಿಸಿದರೆ ಗಾಬರಿ ಬೇಡ, ಒಮ್ಮೆ ಚಾರ್ಜರ್ ಕೊಡಿ, ಎಷ್ಟೋ ಬೋರ್ಡ್ ಆಗಲೇ ಎಚ್ಚರವಾಗುವುದು.

ಸೆಲ್ಲಿನ ಪ್ಲಸ್ ತುದಿಗೆ ಕಾಗದದ ರಿಂಗ್ ಅಂಟಿಸಿ. 18650ರ ಡಬ್ಬಿ ಪೂರ್ತಿ ಮೈನಸ್, ಪ್ಲಸ್ ಗುಂಡಿಯ ಸುತ್ತಲಿನ ಅಂಚೂ ಮೈನಸ್ಸೇ. ಸೆಲ್ ಜೋಡಿಸುವ ನಿಕಲ್ ಪಟ್ಟಿ ಅಲ್ಲಿ ತಗುಲಿದರೆ ಬಿಎಂಎಸ್ ಏನೂ ಮಾಡಲಾರದು, ಶಾರ್ಟ್ ಆಗುವುದು ಅದಕ್ಕಿಂತ ಮುಂಚೆಯೇ.

ಜಯನಗರದಿಂದ:
ಹಾಂ, ಮರೆತಿದ್ದೆ. ಪ್ಯಾಕ್ 12.6ರಿಂದ 9ರವರೆಗೆ, ಬಿಎಂಎಸ್ ಕಟ್ ಮಾಡುವ ಹೊತ್ತಿಗೆ 7.5ರ ಹತ್ತಿರಕ್ಕೂ ಇಳಿಯಬಹುದು. ರೂಟರ್‌ಗೆ 12 ಬೇಕು. ಮಧ್ಯೆ ಒಂದು ಬಕ್-ಬೂಸ್ಟ್ ಮಾಡ್ಯೂಲ್ (ವೋಲ್ಟೇಜ್ ಏರಿಸಿ ಇಳಿಸಿ ಒಂದೇ ಮಟ್ಟದಲ್ಲಿ ಕೊಡುವುದು) ಹಾಕಿ, 12ಕ್ಕೆ ಸೆಟ್ ಮಾಡಿ ಅಳೆದ ಮೇಲೆ ರೂಟರ್ ಜೋಡಿಸಿ.