ಪುಟ್ಟಿಯ ‘ಮಸ್ಟ್’, ನಮ್ಮ ಮನೆಯ ‘ಬೇಕು’

ಪುಟ್ಟಿ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಸಂದೇಶವನ್ನು ಎರಡು ಸಲ ಓದಿದೆ. ಟೈಪ್ ಮಾಡಲು ಹೊರಟರೆ ಸಂಜೆಯಾಗುತ್ತದೆ, ಆದ್ದರಿಂದ ಮಾತನಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗಲಿದೆ, ಬಿಡುವಾದಾಗ ಕೇಳು. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋಗಲು ಶುಕ್ರವಾರ ರಜೆ ಬೇಕೆಂದು ನಿಮ್ಮ ಮ್ಯಾನೇಜರಿಗೆ ‘ಯು ಮಸ್ಟ್ ಗಿವ್ ಮಿ ಲೀವ್ ಆನ್ ಫ್ರೈಡೇ’ ಎಂದು ಬರೆದೆಯಂತೆ. ಇದು ಮನವಿಯೋ ಅಪ್ಪಣೆಯೋ ಎಂದು ಅವರು ಕೇಳಿದರಂತೆ. ‘ಬೇಕು’ ಎಂದರೆ ಮಸ್ಟ್ ತಾನೆ, ಇದರಲ್ಲಿ ತಪ್ಪೇನಿದೆ ಎಂಬುದು ನಿನ್ನ ಪ್ರಶ್ನೆ. ಅದಕ್ಕೆ ನಿನ್ನ ದೊಡ್ಡ ಮಾವ, ‘ಕ್ಯಾನ್, ಮೇ, ಮಸ್ಟ್ ಎಲ್ಲವೂ ಒಂದೇ, ಕೆಲಸವಾದರೆ ಸಾಕು’ ಎಂದು ಉತ್ತರಿಸಿದ್ದಾರೆ. ಅಣ್ಣ, ನೀವು ಕ್ಷಮಿಸಬೇಕು, ಈ ಮಾತನ್ನು ನಾನು ಒಪ್ಪಲಾರೆ.

ನೋಡು ಪುಟ್ಟಿ, ಈಗ ನಾನೇ ಅಣ್ಣನಿಗೆ ‘ಕ್ಷಮಿಸಬೇಕು’ ಎಂದೆ. ಅದು ಅಪ್ಪಣೆಯೇ? ಮದುವೆಯ ಲಗ್ನಪತ್ರಿಕೆಯಲ್ಲಿ ‘ತಾವು ಸಕುಟುಂಬ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುತ್ತೇವೆ’ ಎಂದು ಅಚ್ಚು ಹಾಕಿಸುತ್ತೇವೆ. ಶಾಲೆಗೆ ಬರೆಯುವ ರಜಾ ಅರ್ಜಿಯಲ್ಲೂ ‘ರಜೆ ಮಂಜೂರು ಮಾಡಬೇಕೆಂದು ಪ್ರಾರ್ಥನೆ’ ಎನ್ನುತ್ತೇವೆ. ಕನ್ನಡದ ಬೇಕು ಕೈಮುಗಿದುಕೊಂಡೂ ನಿಲ್ಲಬಲ್ಲದು, ಏಕೆಂದರೆ ಅದರ ಪಕ್ಕದಲ್ಲಿ ‘ನೀವು’, ‘ತಾವು’ ಎಂಬ ಮರ್ಯಾದೆಯ ಪದಗಳಿರುತ್ತವೆ. ಇಂಗ್ಲಿಷಿನಲ್ಲಿ ನಿಮ್ಮ ಮ್ಯಾನೇಜರಿಗೂ ‘ಯು’, ಮನೆಯ ಬೆಕ್ಕಿಗೂ ‘ಯು’. ಮರ್ಯಾದೆಯನ್ನು ಹೊರಲು ಅಲ್ಲಿ ಸರ್ವನಾಮವಿಲ್ಲದ ಕಾರಣ ಆ ಭಾರದ ಬಹುಪಾಲು ಕುಡ್, ವುಡ್, ಮೇ ಎಂಬ ಈ ಪುಟ್ಟ ಸಹಾಯಕ ಕ್ರಿಯಾಪದಗಳ ಮೇಲೆ ಬೀಳುತ್ತದೆ. ಬರೀ ಮಸ್ಟ್ ಬರೆದರೆ ಆ ಭಾರ ಹೊರುವವರೇ ಇರುವುದಿಲ್ಲ. ನೀನು ಕನ್ನಡದಲ್ಲಿ ವಿನಯದಿಂದಲೇ ಯೋಚಿಸಿದ್ದೀಯೆ. ಪದವನ್ನು ಇಂಗ್ಲಿಷಿಗೆ ದಾಟಿಸುವಾಗ ವಿನಯ ಈಚೆ ದಡದಲ್ಲೇ ಉಳಿದುಹೋಯಿತು.

ಹಾಗೆಂದು ಮಸ್ಟ್ ಯಾವಾಗಲೂ ಒರಟಲ್ಲ. ಮನೆಗೆ ಬಂದ ಅತಿಥಿಗೆ ‘ಯು ಮಸ್ಟ್ ಟೇಸ್ಟ್ ದಿಸ್ ಮೈಸೂರು ಪಾಕ್’ ಎಂದರೆ ಅದು ಪ್ರೀತಿಯ ಒತ್ತಾಯವಾಗುತ್ತದೆ, ಏಕೆಂದರೆ ಅಲ್ಲಿ ಲಾಭ ಕೇಳುವವರದು. ನಿನ್ನ ವಾಕ್ಯದಲ್ಲಿ ಲಾಭ ನಿನ್ನದು, ಹೊರೆ ಅವರದು. ಮಸ್ಟ್ ಬಳಸುವ ಮುನ್ನ ಇದರಿಂದ ಯಾರಿಗೆ ಅನುಕೂಲ ಎಂದು ಒಮ್ಮೆ ಕೇಳಿಕೊಂಡರೆ ಎಂಟಾಣೆ ತಪ್ಪು ಅಲ್ಲೇ ನಿಲ್ಲುತ್ತದೆ.

ನಿಜವಾಗಿ ಎಡವಿಸುವುದು ಇದರ ನಿಷೇಧರೂಪ. ‘ಬರಬಾರದು’ ಬೇರೆ, ‘ಬರಬೇಕಾಗಿಲ್ಲ’ ಬೇರೆ ಎಂಬುದು ನಮ್ಮಲ್ಲಿ ಮಗುವಿಗೂ ಗೊತ್ತು. ಬರಬಾರದು ಎಂಬುದಕ್ಕೆ ‘ಮಸ್ಟ್ ನಾಟ್’ ಸರಿ. ಬರಬೇಕಾಗಿಲ್ಲ ಎಂಬುದಕ್ಕೆ ‘ಡೋಂಟ್ ಹ್ಯಾವ್ ಟು’ ಅಥವಾ ‘ನೀಡ್ ನಾಟ್’ ಎನ್ನಬೇಕು. ರಕ್ತಪರೀಕ್ಷೆಗೆ ಹೋಗುವ ಅಜ್ಜಿಗೆ ‘ಯು ಡೋಂಟ್ ಹ್ಯಾವ್ ಟು ಈಟ್’ ಎಂದು ಚೀಟಿ ಬರೆದುಕೊಟ್ಟರೆ, ತಿನ್ನುವುದೂ ಬಿಡುವುದೂ ತಮ್ಮಿಷ್ಟ ಎಂದುಕೊಂಡು ಅವರು ಎರಡು ಇಡ್ಲಿ ತಿಂದೇ ಹೊರಡುತ್ತಾರೆ. ಖಾಲಿ ಹೊಟ್ಟೆಯಲ್ಲೇ ಬರಲಿ ಎಂದಿದ್ದರೆ ‘ಮಸ್ಟ್ ನಾಟ್ ಈಟ್’ ಎಂದೇ ಬರೆಯಬೇಕು. ಬಾಯಿಮಾತಿನ ನಮ್ಮ ‘ಬೇಡ’ ಈ ಎರಡು ಅರ್ಥಗಳ ನಡುವೆ ಓಲಾಡುತ್ತದೆ. ‘ನಾಳೆ ಬರೋದು ಬೇಡ’ ಎಂದಾಗ ಅದು ತಡೆಯೋ ವಿನಾಯಿತಿಯೋ ಎಂಬುದನ್ನು ದನಿಯಿಂದ ಹಿಡಿಯಬೇಕು. ಬರಹದಲ್ಲಿ ದನಿ ಇರುವುದಿಲ್ಲವಲ್ಲ.

ಮುಗಿದುಹೋದ ಕೆಲಸದ ಮಾತಿಗೆ ಬರೋಣ. ಮಸ್ಟ್‌ಗೆ ತನ್ನದೇ ಆದ ಭೂತಕಾಲದ ರೂಪವಿಲ್ಲ. ಈ ವಿಷಯದಲ್ಲಿ ಕನ್ನಡ ಬಲ್ಲವರು ಅದೃಷ್ಟವಂತರು, ಏಕೆಂದರೆ ‘ಹೋಗಬೇಕಾಯಿತು’ ಮತ್ತು ‘ಹೋಗಬೇಕಿತ್ತು’ ಎಂಬ ಎರಡು ರೂಪಗಳು ನಮಗೆ ಮೊದಲೇ ಒಗ್ಗಿವೆ. ‘ಆಸ್ಪತ್ರೆಗೆ ಹೋಗಬೇಕಾಯಿತು’ ಎಂದರೆ ಹೋದೆವು, ಬೇರೆ ದಾರಿಯಿರಲಿಲ್ಲ. ಇಂಗ್ಲಿಷಿನಲ್ಲಿ ‘ಹ್ಯಾಡ್ ಟು ಗೋ’. ‘ತಿಥಿಗೆ ಹೋಗಬೇಕಿತ್ತು’ ಎಂದು ನಿಟ್ಟುಸಿರು ಬಿಟ್ಟರೆ ಹೋಗಲಿಲ್ಲ, ಅದಕ್ಕೆ ಮನಸ್ಸು ಚುಚ್ಚುತ್ತಿದೆ ಎಂದರ್ಥ. ಅದು ‘ಶುಡ್ ಹ್ಯಾವ್ ಗಾನ್’. ಶುಡ್ ಹ್ಯಾವ್ ಆದಮೇಲೆ ಗಾನ್, ಕಮ್, ಸೀನ್ ಎಂಬ ಮೂರನೆಯ ರೂಪವೇ ಬರಬೇಕು. ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ‘ಶುಡ್ ಹ್ಯಾವ್ ವೆಂಟ್’ ಎಂಬುದನ್ನು ತಿದ್ದಿ ತಿದ್ದಿ ಎಷ್ಟು ಕೆಂಪು ಶಾಯಿ ಖರ್ಚಾಯಿತೋ ಲೆಕ್ಕವಿಟ್ಟಿಲ್ಲ.

ಈ ಪದಗಳ ಇನ್ನೊಂದು ಮುಖವೆಂದರೆ ಊಹೆ. ಮಳೆಗಾಲ ಬಂತೆಂದರೆ ನಮ್ಮ ಮಂಡ್ಯದಲ್ಲಿ ಎಲ್ಲರ ಬಾಯಲ್ಲೂ ಕನ್ನಂಬಾಡಿ ಕಟ್ಟೆಯ ಮಟ್ಟವೇ. ಪೂರ್ಣ ಮಟ್ಟ 124.80 ಅಡಿ ಎಂಬುದನ್ನು ನಿನಗೆ ಹೇಳಬೇಕಾಗಿಲ್ಲ. ನೀರು 100 ಅಡಿಯಲ್ಲಿದ್ದು ಕೊಡಗಿನ ಮೇಲೆ ಬರೀ ಮೋಡ ಕವಿದಿದ್ದರೆ ‘ದ ಡ್ಯಾಮ್ ಮೈಟ್ ಫಿಲ್’ ಎನ್ನುತ್ತೇವೆ. ತುಂಬಿದರೂ ತುಂಬೀತು, ಹೇಳಲಾಗದು. ‘ತುಂಬೀತು’ ಎಂಬ ನಮ್ಮ ಸಂಭಾವನಾರೂಪಕ್ಕೆ ಮೈಟ್‌ನಷ್ಟು ಹತ್ತಿರದ ಪದ ಇನ್ನೊಂದಿಲ್ಲ. ನೀರು 120 ದಾಟಿ ಒಳಹರಿವು ದಿನದಿನಕ್ಕೂ ಏರುತ್ತಿದ್ದರೆ ‘ಇಟ್ ಶುಡ್ ಫಿಲ್ ದಿಸ್ ವೀಕ್’. ಈ ಶುಡ್‌ನಲ್ಲಿ ಕರ್ತವ್ಯದ ಸುಳಿವೇ ಇಲ್ಲ, ಇದು ಕೇವಲ ಲೆಕ್ಕಾಚಾರ. ನದಿಯಲ್ಲಿ ಪ್ರವಾಹ ಬಂದು, ಕಟ್ಟೆಯ ಕೆಳಗಿನ ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿ ನಿಲ್ಲಿಸಿದ್ದಾರೆಂದು ಕೇಳಿದ ಕೂಡಲೇ, ಕಟ್ಟೆಯನ್ನು ಕಣ್ಣಾರೆ ಕಾಣದಿದ್ದರೂ ‘ದೇ ಮಸ್ಟ್ ಹ್ಯಾವ್ ಓಪನ್ಡ್ ದ ಗೇಟ್ಸ್’ ಎನ್ನುತ್ತೇವೆ. ಕನ್ನಡದಲ್ಲೂ ‘ಗೇಟು ತೆಗೆದಿರಬೇಕು’ ಎಂದೇ ಹೇಳುವುದು. ಇಲ್ಲಿ ಬೇಕು ಮತ್ತು ಮಸ್ಟ್ ಅಣ್ಣತಮ್ಮಂದಿರಂತೆ ಕೈಹಿಡಿದು ನಡೆಯುತ್ತವೆ. ಆದರೆ ‘ಗೇಟು ತೆಗೆದಿರಲು ಸಾಧ್ಯವೇ ಇಲ್ಲ’ ಎನ್ನುವಾಗ ಮಸ್ಟ್ ಹಿಂದೆ ಸರಿದು ‘ಕಾಂಟ್ ಹ್ಯಾವ್ ಓಪನ್ಡ್’ ಎಂದು ಕ್ಯಾನ್ ಮುಂದೆ ಬರುತ್ತದೆ.

ವ್ಯಾಕರಣ ಅಷ್ಟೇನೂ ಕಷ್ಟವಲ್ಲ. ಕರ್ತೃ ಯಾರೇ ಆಗಲಿ ಇವುಗಳ ರೂಪ ಬದಲಾಗದು, ಮುಂದಿನ ಕ್ರಿಯಾಪದಕ್ಕೆ ‘ಟು’ ಅಂಟಿಸುವಂತಿಲ್ಲ. ನಮ್ಮ ಕಡೆ ಕಿವಿಗೆ ಬೀಳುವ ‘ಐ ಕ್ಯಾನ್ ಏಬಲ್ ಟು ಡು’ ಎಂಬುದು ಒಂದೇ ಗಾಡಿಗೆ ನಾಲ್ಕು ಎತ್ತು ಕಟ್ಟಿದಂತೆ. ಕ್ಯಾನ್ ಇದ್ದರೆ ಏಬಲ್ ಬೇಡ. ನಾವು ಓದುವಾಗ ‘ಐ’, ‘ವಿ’ಗೆ ಶಲ್, ಉಳಿದವರಿಗೆಲ್ಲ ವಿಲ್ ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಇಂದಿನ ಮಾತಿನಲ್ಲಿ ಆ ನಿಯಮವನ್ನು ಹೆಚ್ಚಿನವರು ಪಾಲಿಸುವುದಿಲ್ಲ. ‘ಶಲ್ ಐ ಮೇಕ್ ಕಾಫಿ?’ ಎಂಬಂಥ ಪ್ರಶ್ನೆಯಲ್ಲಿ ಶಲ್ ಉಳಿದಿದೆ, ಕಾನೂನಿನ ಬರವಣಿಗೆಯಲ್ಲಿ ಗಟ್ಟಿಯಾಗಿ ಕುಳಿತಿದೆ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಸಾರುವ ನಮ್ಮ ಸಂವಿಧಾನದ 14ನೆಯ ವಿಧಿ ‘ದ ಸ್ಟೇಟ್ ಶಲ್ ನಾಟ್ ಡಿನೈ’ ಎಂದೇ ಆರಂಭವಾಗುತ್ತದೆ. ಅಲ್ಲಿ ಶಲ್ ಎಂದರೆ ಸರ್ಕಾರಕ್ಕೆ ಬೇರೆ ಆಯ್ಕೆಯಿಲ್ಲ ಎಂದರ್ಥ. ಅಣ್ಣ, ಆ ಜಾಗದಲ್ಲಿ ಮೇ ಹಾಕಿದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ ನೋಡಿ.

ಈಗ ಪತ್ರವನ್ನು ತಿದ್ದೋಣ. ‘ಐ ವುಡ್ ಲೈಕ್ ಟು ಟೇಕ್ ಲೀವ್ ಆನ್ ಫ್ರೈಡೇ. ಕುಡ್ ಯು ಪ್ಲೀಸ್ ಅಪ್ರೂವ್ ಇಟ್?’ ಎಂದು ಬರೆ. ವುಡ್ ನಿನ್ನ ಆಸೆಯನ್ನು ಮೆತ್ತಗೆ ಮುಂದಿಡುತ್ತದೆ, ಕುಡ್ ಅವರಿಗೆ ಇಲ್ಲ ಎನ್ನಲೂ ಜಾಗ ಬಿಡುತ್ತದೆ. ವುಡ್ ಮರ್ಯಾದೆಯ ಪದವೆಂದು ಎಲ್ಲ ಕಡೆಯೂ ಸುರಿಯಬೇಡ. ಖಚಿತವಾಗಿ ಬರುವವರು ‘ಐ ವುಡ್ ಬಿ ಕಮಿಂಗ್ ಆನ್ ಮಂಡೇ’ ಎಂದು ಬರೆದರೆ, ಓದುವವರು ‘ಬರುತ್ತಿದ್ದೆ, ಆದರೆ...’ ಎಂಬ ಮುಂದಿನ ಮಾತಿಗೆ ಕಾಯುತ್ತಾರೆ. ಹಾಗಾಗಿ ಕೊನೆಯ ಸಾಲಿನಲ್ಲಿ ಕುಡ್ ಬೇಡ, ವುಡ್ ಬೇಡ, ‘ಐ ವಿಲ್ ಫಿನಿಶ್ ದ ರಿಪೋರ್ಟ್ ಬೈ ಥರ್ಸ್‌ಡೇ’ ಎಂದು ನೇರವಾಗಿ ಬರೆ. ಆ ರಿಪೋರ್ಟ್ ಗುರುವಾರದೊಳಗೆ ಮುಗಿಯುವುದು ನಿಜ ತಾನೆ? ಮುಗಿಯುವುದಾದರೆ ಪತ್ರವನ್ನು ಇವತ್ತೇ ಕಳಿಸು. ರಜೆ ಸಿಕ್ಕರೆ ಮೊದಲು ಮಂಡ್ಯಕ್ಕೆ ಬಾ, ಇಲ್ಲಿಂದ ಇಬ್ಬರೂ ಜೊತೆಯಲ್ಲೇ ಮೇಲುಕೋಟೆಗೆ ಹೋಗೋಣ.